ಹಿಂದಿನ ಸಾಲಿನ ಅಪರಿಚಿತರು

ಚಲನಚಿತ್ರಗಳ ವಿಷಯದಲ್ಲಿ ಧರ್ಮಸಭೆ ಮೌನವಾಗಿ ಕುಳಿತದ್ದಿಲ್ಲ. 1936ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್‌ರವರು ‘ವಿಜಿಲಾಂತಿ ಕೂರಾ’ ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. 1957ರಲ್ಲಿ ಹನ್ನೆರಡನೇ ಪಿಯುಸ್‌ರವರು ಚಲನಚಿತ್ರ, ರೇಡಿಯೋ ಹಾಗೂ ಟೆಲಿವಿಷನ್‌ಗಳ ಕುರಿತು ‘ಮಿರಾಂದಾ ಪ್ರೋರ್ಸುಸ್’ ಬರೆದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಸಮೂಹ ಮಾಧ್ಯಮಗಳ ಬಗ್ಗೆ ಪ್ರತ್ಯೇಕ ಆಜ್ಞಾಪತ್ರವನ್ನೇ ಅಂಗೀಕರಿಸಿತು. ಇವುಗಳ ಮುಖ್ಯ ಕಾಳಜಿ ಪರದೆಯ ಮೇಲೆ ಏನು ಮೂಡುತ್ತದೆ, ಅದು ನೋಡುವವರ ಮನಸ್ಸನ್ನು ಏನು ಮಾಡುತ್ತದೆ ಎಂಬುದು. ಪರದೆಯ ಎದುರಿನ ಕತ್ತಲಿನಲ್ಲಿ, ಒಬ್ಬರ ಬೆನ್ನಿಗೆ ಇನ್ನೊಬ್ಬರ ಮೊಣಕಾಲು ತಾಗುವಂತೆ ಕುಳಿತ ಅಪರಿಚಿತರ ನಡುವಿನ ವ್ಯಾಜ್ಯಗಳನ್ನು ಇತ್ಯರ್ಥಗೊಳಿಸುವ ಭಾರ ಮಾತ್ರ ನಮ್ಮಂಥ ಕುಟುಂಬಸ್ಥರ ಪಾಲಿಗೇ ಉಳಿದಿದೆ.

ವ್ಯಾಜ್ಯಗಳೇನೂ ಹೊಸವಲ್ಲ. ಹಿಂದೆ ಟಿಕೆಟಿನ ಸಾಲಿನಲ್ಲಿ ನುಗ್ಗುವವರು, ಐದು ಆಸನಗಳ ಮೇಲೆ ಐದು ಕರವಸ್ತ್ರ ಹಾಸಿ ಒಬ್ಬರೇ ಕಾವಲು ಕೂರುವವರು, ಬೀಡಿ ಹೊಗೆಯನ್ನು ಮುಂದಿನವರ ತಲೆಯ ಮೇಲೆ ಬಿಡುವವರು ಇದ್ದರು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ ಬಿಗಿಯಾದ ಮೇಲೆ ಹೊಗೆಯೇನೋ ಕಡಿಮೆಯಾಯಿತು. ಅದರ ಜಾಗಕ್ಕೆ ಮೊಬೈಲಿನ ಬೆಳಕು ಬಂದಿತು. ಕರವಸ್ತ್ರದ ವಿಷಯದಲ್ಲಿ ನಾವು ಹೆಚ್ಚು ಮಾತನಾಡುವಂತಿಲ್ಲ. ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆಗೆ ದೇವಾಲಯದ ಬೆಂಚುಗಳ ಮೇಲೆ ಕರವಸ್ತ್ರ, ಗೀತೆಪುಸ್ತಕ, ಕೆಲವೊಮ್ಮೆ ನಿದ್ರಿಸುವ ಮಗುವನ್ನೂ ಮಲಗಿಸಿ ಸ್ಥಳ ಕಾಯ್ದಿರಿಸುವವರು ನಾವೇ ಅಲ್ಲವೇ?

ಕೆಲವು ಗದ್ದಲಗಳನ್ನು ಒರಟುತನವೆಂದು ಕರೆಯುವುದೇ ತಪ್ಪು. ಮೆಚ್ಚಿನ ನಟನ ಚಿತ್ರದ ಮೊದಲ ದಿನ ಅಭಿಮಾನಿಗಳು ಶಿಳ್ಳೆ ಹೊಡೆಯುತ್ತಾರೆ, ಕಾಗದದ ಚೂರು ತೂರುತ್ತಾರೆ. ಅದು ಅವರ ಹಬ್ಬ. ಅಂದು ಹೋಗಿ ಸದ್ದಿನ ಬಗ್ಗೆ ದೂರುವವರು ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಬಂದು ಬ್ಯಾಂಡಿನ ಬಗ್ಗೆ ದೂರುವವರಿಗೆ ಸಮಾನ. ಎರಡು ವಾರ ಕಳೆದು ಹೋದರಾಯಿತು.

ಉಳಿದ ಸಂದರ್ಭಗಳಲ್ಲಿ ಸುಮ್ಮನಿರಬೇಕೇ, ಹೇಳಬೇಕೇ? ನಮ್ಮ ಧರ್ಮೋಪದೇಶದ ಪುಸ್ತಕದಲ್ಲಿ ಕಲಿತ ಏಳು ಆತ್ಮಿಕ ದಯಾಕಾರ್ಯಗಳಲ್ಲಿ ತಪ್ಪಿತಸ್ಥರನ್ನು ತಿದ್ದುವುದೂ ಇದೆ, ಅನ್ಯಾಯವನ್ನು ತಾಳ್ಮೆಯಿಂದ ಸಹಿಸುವುದೂ ಇದೆ. ಯಾವ ಗಳಿಗೆಗೆ ಯಾವುದು ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಸಂತ ತೋಮಾಸ್ ಅಕ್ವಿನಾಸರು ಸೋದರ ತಿದ್ದುವಿಕೆಯ ಬಗ್ಗೆ ಬರೆಯುವಾಗ, ಮಾತು ಕೇಳದೆ ಆ ವ್ಯಕ್ತಿ ಇನ್ನಷ್ಟು ಕೆಡುವ ಸಂಭವವಿದ್ದರೆ ಬಿಟ್ಟುಬಿಡಬೇಕೆನ್ನುತ್ತಾರೆ. ಕುಡಿದು ಬಂದವನ ವಿಷಯದಲ್ಲಿ ಇದು ಎಷ್ಟು ನಿಜ! ಅಂಥವರೊಡನೆ ವಾದಕ್ಕಿಳಿಯದೆ ಟಾರ್ಚು ಹಿಡಿದ ಸಿಬ್ಬಂದಿಗೆ ತಿಳಿಸುವುದೇ ಲೇಸು. ಆದರೆ ಯಾವಾಗಲೂ ಬಾಯಿ ಮುಚ್ಚಿಕೊಂಡಿರುವುದೇ ಕ್ರೈಸ್ತ ಗುಣವೆಂದು ತಿಳಿಯಬೇಕಾಗಿಲ್ಲ. ಅನ್ನನ ಎದುರು ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ಹಿಂದಿರುಗಿ ಹೊಡೆಯಲಿಲ್ಲ, ಸುಮ್ಮನೂ ಇರಲಿಲ್ಲ. ತಪ್ಪೇನೆಂದು ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆಂದು ಕೇಳಿದರು. ಅದೊಂದು ನೇರವಾದ ಪ್ರಶ್ನೆ.

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ತಪ್ಪು ಮಾಡಿದ ಸೋದರನ ಬಳಿಗೆ ಮೊದಲು ಒಬ್ಬರೇ ಹೋಗಬೇಕು, ಕೇಳದಿದ್ದರೆ ಇಬ್ಬರು ಮೂವರೊಡನೆ, ಆಮೇಲೆ ಸಭೆಯ ಮುಂದೆ ಎಂಬ ಕ್ರಮವಿದೆ. ವಾಳೆಯಲ್ಲಿ, ಮನೆತನಗಳ ನಡುವೆ ಇದು ಸಾಧ್ಯ. ಇಂದು ಆಡಿದ ಬಿರುಸು ಮಾತನ್ನು ಮುಂದಿನ ಭಾನುವಾರ ಸರಿಪಡಿಸಿಕೊಳ್ಳಬಹುದು. ಚಿತ್ರಮಂದಿರದ ಅಪರಿಚಿತರಿಗೆ ಮುಂದಿನ ಭಾನುವಾರವಿಲ್ಲ. ಅಲ್ಲಿ ನಾವಾಡುವ ಮೊದಲ ಮಾತೇ ಕೊನೆಯ ಮಾತೂ ಆಗಿರುತ್ತದೆ. ಇದನ್ನು ನಾವು ಕಲಿತದ್ದು 2004ರಲ್ಲಿ, ‘ದಿ ಪ್ಯಾಷನ್ ಆಫ್ ದಿ ಕ್ರೈಸ್ಟ್’ ಚಿತ್ರ ನೋಡಲು ಹೋದಾಗ.

ಅಂದು ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಧರ್ಮಭಗಿನಿಯರು, ಯುವಜನರು, ಎಂದೂ ಸಿನಿಮಾ ನೋಡದ ಅಜ್ಜಿಯರು ಕೂಡ ಬಂದಿದ್ದರು. ಚಿತ್ರದ ಸಂಭಾಷಣೆ ಅರಮೇಯಿಕ್, ಲತೀನ್, ಹೀಬ್ರೂ ಭಾಷೆಗಳಲ್ಲಿದ್ದು, ಕೆಳಗೆ ಇಂಗ್ಲಿಷ್ ಅಕ್ಷರಗಳು ಮೂಡುತ್ತಿದ್ದವು. ಆರಂಭದಿಂದಲೇ ನಮ್ಮ ಬೆನ್ನ ಹಿಂದೆ ಗಂಡು ದನಿಯೊಂದು ಗುಸುಗುಸು ಎನ್ನುತ್ತಲೇ ಇತ್ತು. ಒಮ್ಮೆ ತಿರುಗಿ ನೋಡಿದೆವು, ಎರಡನೆಯ ಬಾರಿ ಗಂಟಲು ಕೆರೆದೆವು. ಚಾಟಿಯೇಟಿನ ದೃಶ್ಯ ಬಂದಾಗಲೂ ಆ ದನಿ ನಿಲ್ಲಲಿಲ್ಲ. ನಮ್ಮ ತಾಳ್ಮೆ ತಪ್ಪಿತು. ಇದು ಸಂತೆಯಲ್ಲ, ಮಾತನಾಡುವುದಿದ್ದರೆ ಹೊರಗೆ ಹೋಗಿ ಎಂದು ನಾಲ್ಕು ಸಾಲಿಗೆ ಕೇಳುವಂತೆ ಗದರಿದೆವು. ಮುಂದಿನ ಸಾಲಿನವರೊಬ್ಬರು ನಮ್ಮತ್ತ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಹಿಂದಿನ ದನಿ ಥಟ್ಟನೆ ನಿಂತಿತು. ಕೊನೆಯವರೆಗೂ ಮತ್ತೆ ಕೇಳಿಸಲಿಲ್ಲ.

ದೀಪ ಹತ್ತಿದಾಗ ನೋಡಿದರೆ, ಅಲ್ಲಿದ್ದುದು ನಡುವಯಸ್ಸಿನ ಮಗ, ದಪ್ಪ ಕನ್ನಡಕದ ತಾಯಿ. ಆಕೆಯ ಕೈಯಲ್ಲಿ ಜಪಸರವಿತ್ತು. ಆತ ಅಲ್ಲಿಯವರೆಗೆ ಮಾಡುತ್ತಿದ್ದುದು ಒಂದೊಂದು ಸಾಲನ್ನೂ ಆಕೆಗೆ ಕೊಂಕಣಿಯಲ್ಲಿ ಹೇಳುವ ಕೆಲಸ. ಏಳುತ್ತಾ ಆ ತಾಯಿ ಮಗನನ್ನು ಕೇಳಿದಳು: ದಾರಿಯಲ್ಲಿ ಶಿಲುಬೆಯೊಂದಿಗೆ ಬಿದ್ದಾಗ ಆತ ತಾಯಿಗೆ ಏನು ಹೇಳಿದ? ನಿತ್ಯವೂ ಬೈಬಲ್ ಕೇಳಿ ಬೆಳೆದವಳಿಗೂ ಅದು ತಿಳಿದಿರುವಂತಿರಲಿಲ್ಲ. ನಾಲ್ಕು ಶುಭಸಂದೇಶಗಳ ಪಾಡಿನ ಕಥನದಲ್ಲಿ ಆ ಮಾತಿಲ್ಲ. ಎಲ್ಲವನ್ನೂ ಹೊಸದಾಗಿಸುವ ಕುರಿತ ಪ್ರಕಟನಾ ಗ್ರಂಥದ ಮಾತನ್ನು ಚಿತ್ರದವರು ಅಲ್ಲಿ ಜೋಡಿಸಿದ್ದಾರೆ. ಮಗ, ಮನೆಗೆ ಹೋಗಿ ಹೇಳುತ್ತೇನಮ್ಮ ಎಂದ. ಆ ಸಾಲನ್ನು ಓದಿದ್ದ ನಾವು ಅಲ್ಲೇ ಹೇಳಬಹುದಿತ್ತು, ಕ್ಷಮೆಯನ್ನೂ ಕೇಳಬಹುದಿತ್ತು. ನೆಲ ನೋಡುತ್ತಾ ಬಾಗಿಲ ಕಡೆಗೆ ನಡೆದೆವು. ನಮಗೆ ದಾರಿ ಬಿಡಲೆಂದು ಆಕೆ ಮಗನ ತೋಳು ಹಿಡಿದು ಪಕ್ಕಕ್ಕೆ ಸರಿದಳು.

ಪಾಪನಿವೇದನೆಯಲ್ಲಿ ಇದನ್ನು ಹೇಳಿದಾಗ, ಅವರನ್ನು ಕಂಡು ಮಾತನಾಡಿದಿರಾ ಎಂದು ಗುರುಗಳು ಕೇಳಿದರು. ಹೆಸರು, ಊರು ಯಾವುದೂ ತಿಳಿಯದೆಂದೆವು. ಆ ತಾಯಿಗಾಗಿ ಒಂದು ಜಪಸರ ಪ್ರಾರ್ಥಿಸಲು ಹೇಳಿದರು.

ಆಸನ ಒದೆಯುವವರಿಗೆ, ಫೋನಿನಲ್ಲಿ ಮಾತನಾಡುವವರಿಗೆ ನಾವು ಈಗಲೂ ಹೇಳುತ್ತೇವೆ. ತೀರಾ ಮಿತಿಮೀರಿದರೆ ಸಿಬ್ಬಂದಿಯನ್ನೂ ಕರೆಯುತ್ತೇವೆ. ಒಂದು ಬದಲಾವಣೆಯಾಗಿದೆ. ದೀಪ ಆರುವ ಮೊದಲು ಹಿಂದಿನ ಸಾಲಿಗೆ ತಿರುಗಿ, ಯಾರು ಯಾರೊಂದಿಗೆ ಬಂದಿದ್ದಾರೆಂದು ನೋಡಿ, ಪರದೆ ಕಾಣುತ್ತದೆಯೇ ಎಂದು ಕೇಳುತ್ತೇವೆ. ಬಹುತೇಕರು ಗಲಿಬಿಲಿಗೊಂಡು ಹೂಂ ಎನ್ನುತ್ತಾರೆ. ನಮ್ಮ ಮಕ್ಕಳಿಗಂತೂ ಇದು ವಿಪರೀತ ನಾಚಿಕೆಯ ಸಂಗತಿ. ಅವರು ಆಗ ಮೊಬೈಲ್ ನೋಡುತ್ತಾ ನಮ್ಮವರಲ್ಲದಂತೆ ಕುಳಿತಿರುತ್ತಾರೆ.