ಹಿಂಜರಿತದ ಕಾಲದ ಗೃಹೋದ್ಯಮ: ದುದ್ದದ ಸಂಡಿಗೆಯ ಲೆಕ್ಕ

ಆರ್ಥಿಕ ಹಿಂಜರಿತದ ಕಾಲದಲ್ಲಿ ಹೊಸ ಉದ್ಯಮಕ್ಕೆ ಕೈಹಾಕುವುದು ಅವಿವೇಕವೆಂಬ ಅಭಿಪ್ರಾಯ ವರ್ತಕ ವಲಯದಲ್ಲಿ ಬಲವಾಗಿದೆ. ಗೃಹೋದ್ಯಮದ ಮಟ್ಟಿಗೆ ಈ ಮಾತು ಪೂರ್ಣವಾಗಿ ಅನ್ವಯಿಸದು. ಮಳಿಗೆಯ ಬಾಡಿಗೆಯಿಲ್ಲ, ಮುಂಗಡವಿಲ್ಲ, ದುಡಿಯುವ ಕೈಗಳು ಮನೆಯಲ್ಲೇ ಇವೆ, ಕಚ್ಚಾ ಮಾಲಿನ ಬೆಲೆಯೂ ಕುಸಿದಿರುತ್ತದೆ. ತೊಡಕೆಂದರೆ, ಆರಂಭವನ್ನು ಸುಲಭಗೊಳಿಸುವ ಇವೇ ಅನುಕೂಲಗಳು ನಿಜವಾದ ವೆಚ್ಚವನ್ನು ಮರೆಮಾಚುತ್ತವೆ.

ಇದಕ್ಕೆ ಕರ್ನಾಟಕದಲ್ಲಿಯೇ ಸಮೀಪದ ನಿದರ್ಶನವಿದೆ. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಒಟ್ಟು ಆಂತರಿಕ ಉತ್ಪನ್ನ ಶೇ. 23.9ರಷ್ಟು ಕುಗ್ಗಿತೆಂದು ಸರ್ಕಾರದ ಮೊದಲ ಅಂದಾಜು ತಿಳಿಸಿತು. ಮರುವರ್ಷ ಕೊರೋನಾದ ಎರಡನೆಯ ಅಲೆಯಲ್ಲಿ ಬಾಳೆಗೊನೆಯನ್ನು ಕೇಳುವವರಿಲ್ಲದಾದಾಗ, ಪುತ್ತೂರಿನ ‘ಅಡಿಕೆ ಪತ್ರಿಕೆ’ಯು ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡುವ ಪ್ರಚಾರವನ್ನು ಕೈಗೆತ್ತಿಕೊಂಡಿತು. ‘ಬಾಕಾಹು’ ಎಂಬ ಹ್ರಸ್ವನಾಮದಿಂದ ಅದು ಮನೆಮನೆಗೆ ಹಬ್ಬಿತು. 2021ರ ಜುಲೈ 25ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಯವರೂ ಇದನ್ನು ಪ್ರಸ್ತಾಪಿಸಿದರು. ಪ್ರಚಾರದ ಮಟ್ಟಿಗೆ ಇದಕ್ಕಿಂತ ದೊಡ್ಡ ಭಾಗ್ಯ ಗೃಹೋದ್ಯಮವೊಂದಕ್ಕೆ ಒದಗುವುದು ಅಪರೂಪ. ಆದರೆ ಬೆಲೆ ಬಿದ್ದಾಗ ಹುಟ್ಟಿದ ಉತ್ಪನ್ನವು, ಬೆಲೆ ಚೇತರಿಸಿಕೊಂಡ ಮೇಲೆ ಅದೇ ದರದಲ್ಲಿ ನಿಲ್ಲಬಲ್ಲುದೇ ಎಂಬ ಪ್ರಶ್ನೆಗೆ ಪ್ರಚಾರದಲ್ಲಿ ಉತ್ತರವಿರುವುದಿಲ್ಲ. ಅದು ಲೆಕ್ಕದ ಪುಸ್ತಕದಲ್ಲಿಯೇ ಸಿಗಬೇಕು.

ಹಾಸನ ತಾಲ್ಲೂಕಿನ ದುದ್ದ ಹೋಬಳಿಯಲ್ಲಿ ಬಾಳೆಯ ಸ್ಥಾನದಲ್ಲಿ ಆಲೂಗಡ್ಡೆಯನ್ನಿಟ್ಟು ನೋಡಬಹುದು. ಮಳೆಗಾಲದ ಆಲೂಗಡ್ಡೆಗೆ ಹಾಸನ ಜಿಲ್ಲೆ ದಶಕಗಳಿಂದ ಹೆಸರಾಗಿದೆ. ಅಂಗಮಾರಿ ರೋಗದ ಹಾವಳಿಯಿಂದ ಬೇಸಾಯ ಕುಗ್ಗಿ ಮೆಕ್ಕೆಜೋಳ, ಶುಂಠಿಗಳು ಆ ಜಾಗವನ್ನು ಆಕ್ರಮಿಸಿವೆಯಾದರೂ ಆಲೂಗಡ್ಡೆ ಇನ್ನೂ ಮರೆತುಹೋದ ಬೆಳೆಯಲ್ಲ. ಅದರ ಹಪ್ಪಳ, ಸಂಡಿಗೆಗಳನ್ನು ಮಾಡಬಲ್ಲ ಮನೆಗಳಿಗೂ ಕೊರತೆಯಿಲ್ಲ.

ಆಲೂಗಡ್ಡೆಯಲ್ಲಿ ಸುಮಾರು ಶೇ. 80 ಭಾಗ ನೀರು. ಸಿಪ್ಪೆಯನ್ನೂ ಕಳೆದರೆ ಒಂದು ಕಿಲೋ ಒಣ ಸಂಡಿಗೆಗೆ ಆರು ಕಿಲೋ ಗಡ್ಡೆ ಬೇಕೆಂದು ಇಟ್ಟುಕೊಳ್ಳುವುದು ಕ್ಷೇಮ. ಗಡ್ಡೆ ಕಿಲೋಗೆ ರೂ. 10ರಂತೆ ದೊರೆತರೆ ಕಚ್ಚಾ ಮಾಲಿಗೆ ರೂ. 60, ಉಪ್ಪು, ಖಾರ, ಉರುವಲು ಮತ್ತು ಪೊಟ್ಟಣಕ್ಕೆ ರೂ. 30. ಒಟ್ಟು ರೂ. 90 ಕೈಬಿಟ್ಟ ಸರಕನ್ನು ಹಾಸನದ ಅಂಗಡಿಗೆ ರೂ. 160ಕ್ಕೆ ಕೊಟ್ಟ ಗೃಹಿಣಿಯು ಕಿಲೋಗೆ ರೂ. 70 ಲಾಭವೆಂದು ಭಾವಿಸುವುದು ಸಹಜ. ಇಬ್ಬರು ದಿನವಿಡೀ ದುಡಿದು ಐದು ಕಿಲೋ ತಯಾರಿಸಿದರೆಂದು, ತಲಾ ರೂ. 300 ಕೂಲಿಯೆಂದು ಹಿಡಿದರೆ ಕಿಲೋಗೆ ರೂ. 120 ಕೂಲಿ ಬೀಳುತ್ತದೆ. ಆಗ ನಿಜವಾದ ವೆಚ್ಚ ರೂ. 210, ಲಾಭವಿರಲಿ, ಕಿಲೋಗೆ ರೂ. 50 ನಷ್ಟ. (ಇವು ಉದಾಹರಣೆಗಾಗಿ ಇಟ್ಟುಕೊಂಡ ಅಂಕಿಗಳು, ಪ್ರತಿ ಮನೆಯೂ ತನ್ನ ಅಂಕಿಗಳನ್ನು ಹಾಕಿಕೊಳ್ಳಬೇಕು.)

ಬೇರೆ ಕೂಲಿಯೇ ಸಿಗದ ತಿಂಗಳಲ್ಲಿ ಆ ಎಪ್ಪತ್ತು ರೂಪಾಯಿಯೂ ಬೇಡವೆನ್ನುವಂತಿಲ್ಲ. ಹಿಂಜರಿತದಲ್ಲಿ ಅದನ್ನು ಒಪ್ಪಿಕೊಳ್ಳುವುದು ವಿವೇಕವೇ. ಆದರೆ ಅದು ಲಾಭವಲ್ಲ, ಕಡಿತಗೊಂಡ ಕೂಲಿ. ಅದನ್ನು ಲಾಭವೆಂದು ಬರೆದುಕೊಂಡು ಯಂತ್ರಕ್ಕೆ ಸಾಲ ಮಾಡಿದವರ ಗತಿ ಬೇರೆ.

ಇನ್ನೊಂದು ಸೂಕ್ಷ್ಮವಿದೆ. ಮಳೆಗಾಲದ ಬೆಳೆ ಕೀಳುವುದು ಹೆಚ್ಚಾಗಿ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ. ಮೋಡ ಕವಿದ ಆ ದಿನಗಳಲ್ಲಿ ಸಂಡಿಗೆ ಒಣಗದು. ಸಂಡಿಗೆ ಇಡುವ ಕಾಲ ಶಿವರಾತ್ರಿಯಿಂದ ಈಚೆಗೆ. ಸುಗ್ಗಿಯ ಅಗ್ಗದ ಬೆಲೆ ಇದ್ದಾಗ ಬಿಸಿಲಿಲ್ಲ, ಬಿಸಿಲು ಬಂದಾಗ ಆ ಬೆಲೆ ಇರುತ್ತದೆಂಬ ಭರವಸೆಯಿಲ್ಲ. ಗಡ್ಡೆ ರೂ. 25 ಆದರೆ ಕಚ್ಚಾ ಮಾಲೇ ರೂ. 150, ರೂ. 160ರ ದರದಲ್ಲಿ ಕೂಲಿಯನ್ನು ಬಿಟ್ಟರೂ ಕೈಯಿಂದ ರೂ. 20 ಹೋಗುತ್ತದೆ. ಆದುದರಿಂದ ಮಾರಾಟದ ದರವನ್ನು ಕುಸಿದ ಬೆಲೆಯ ಮೇಲಲ್ಲ, ಸಾಮಾನ್ಯ ವರ್ಷದ ಬೆಲೆಯ ಮೇಲೆ ನಿಗದಿಪಡಿಸತಕ್ಕದ್ದು. ಒಮ್ಮೆ ಅಗ್ಗಕ್ಕೆ ಕೊಟ್ಟ ಸರಕಿನ ದರವನ್ನು ಏರಿಸಲು ಯಾವ ಅಂಗಡಿಯವರೂ ಸುಲಭವಾಗಿ ಬಿಡುವುದಿಲ್ಲ.

ಕಾನೂನಿನ ಕಾಗದಪತ್ರಗಳು ಜನರು ಹೆದರುವಷ್ಟು ಕಷ್ಟವಲ್ಲ. ಆಹಾರ ಪದಾರ್ಥ ತಯಾರಿಸುವವರು ಮನೆಯಲ್ಲಿದ್ದರೂ ಆಹಾರ ಸುರಕ್ಷತಾ ನೋಂದಣಿ ಪಡೆಯಬೇಕು. 2020ರ ಜುಲೈ 1ರಿಂದ ಜಾರಿಗೆ ಬಂದ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡುವುದು ಲೇಸು. ಗೃಹಬಳಕೆಯ ಅಡುಗೆ ಅನಿಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲವೆಂಬುದು ಮಾತ್ರ ಹಲವರಿಗೆ ನೆನಪಿರುವುದಿಲ್ಲ. 2020ರ ಜೂನ್‌ನಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35, ಗರಿಷ್ಠ ರೂ. 10 ಲಕ್ಷ ಸಹಾಯಧನವನ್ನು ಕೇಂದ್ರವು ಪ್ರಕಟಿಸಿತು. ಇಂತಹ ಸಹಾಯಧನ ಬ್ಯಾಂಕ್ ಸಾಲಕ್ಕೆ ಜೋಡಣೆಯಾಗಿರುವುದರಿಂದ ನಾಳೆ ಬೆಳಿಗ್ಗೆ ಗಡ್ಡೆ ಕೊಳ್ಳುವ ಹಣ ಅದರಿಂದ ಹುಟ್ಟುವುದಿಲ್ಲ.

ಆ ಹಣ ಹುಟ್ಟಬೇಕಾದುದು ಕೊಂಡವರು ಕೊಡುವ ಪಾವತಿಯಿಂದ. ದರವನ್ನು ರೂ. 240ಕ್ಕೆ ಸರಿಪಡಿಸಿಕೊಂಡು, ಗಡ್ಡೆಯ ಬೆಲೆ ರೂ. 10 ಇರುವಾಗ ವಾರಕ್ಕೆ 25 ಕಿಲೋ ಕೊಡುವ ಮನೆಯನ್ನೇ ನೋಡಬಹುದು. ವಾರಕ್ಕೆ ರೂ. 6,000 ಬಿಲ್ಲು, ರೂ. 2,250 ಕೈಖರ್ಚು. ಅಂಗಡಿಯವರು ಎರಡು ತಿಂಗಳ ಕಡ ಇಟ್ಟುಕೊಂಡರೆ ಎಂಟು ವಾರದಲ್ಲಿ ರೂ. 48,000 ಬಾಕಿ ನಿಲ್ಲುತ್ತದೆ, ಮನೆಯ ರೂ. 18,000 ಅದರಲ್ಲಿ ಸಿಲುಕುತ್ತದೆ. ಇಪ್ಪತ್ತು ಸಾವಿರದ ಬಂಡವಾಳದಿಂದ ಹೊರಟವರು ಮನೆಖರ್ಚಿಗೆ ಒಂದು ರೂಪಾಯಿಯನ್ನೂ ತೆಗೆಯದೆಯೇ ಬಹುತೇಕ ಬರಿಗೈಯಾಗುತ್ತಾರೆ. ಪುಸ್ತಕದಲ್ಲಿ ಲಾಭವಿದೆ, ಡಬ್ಬಿಯಲ್ಲಿ ಮರುವಾರದ ಕೈಖರ್ಚಿಗೆ ಸಾಲುವಷ್ಟು ಕಾಸಿಲ್ಲ.

ಹಿಂಜರಿತದಲ್ಲಿ ಸಗಟು ವರ್ತಕರಿಗೂ ಕಷ್ಟವಿದೆ, ನಿಜ. ಆ ಕಷ್ಟವನ್ನು ಅತ್ಯಂತ ಸಣ್ಣವರ ಮೇಲೆ ವರ್ಗಾಯಿಸುವ ರೂಢಿಗೆ ಕಾನೂನಿನ ತಡೆಯೂ ಇದೆ. 2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಕಿರು ಮತ್ತು ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲವಾದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023–24ರ ಆರ್ಥಿಕ ವರ್ಷದಿಂದ ಆದಾಯ ತೆರಿಗೆ ಕಾನೂನೂ ಇದಕ್ಕೆ ಕೈಜೋಡಿಸಿದೆ: ಅವಧಿ ಮೀರಿ ಮಾರ್ಚ್ 31ರಂದು ಬಾಕಿ ಉಳಿದ ಮೊತ್ತವನ್ನು ಕೊಂಡವರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಪಾವತಿಸಿದ ವರ್ಷದಲ್ಲಿಯೇ ಅದಕ್ಕೆ ಕಳೆತ. ನೋಂದಾಯಿತ ತಯಾರಕರು ತಮ್ಮ ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆಯನ್ನು ನಮೂದಿಸಿ, ಸರಕು ಮುಟ್ಟಿದ ದಿನಾಂಕಕ್ಕೆ ಅಂಗಡಿಯವರ ರುಜು ಪಡೆದಿಡಬೇಕು. 15 ಅಥವಾ 45 ದಿನಗಳ ಎಣಿಕೆಗೆ ಆ ದಿನಾಂಕವೇ ಆಧಾರ.