ಸಿಹಿಪಾನೀಯಗಳೂ ದೇಹಾರೋಗ್ಯವೂ

‘ಮಧುಮೇಹ’ ಎಂಬ ಶಬ್ದದಲ್ಲಿಯೇ ಆ ವ್ಯಾಧಿಯ ಲಕ್ಷಣವು ಅಡಗಿದೆ. ಮಧುವೆಂದರೆ ಜೇನು, ಮೇಹವೆಂದರೆ ಮೂತ್ರಸ್ರಾವ. ಮೂತ್ರವು ಜೇನಿನಂತೆ ಸಿಹಿಯಾಗುವುದನ್ನು ಕಂಡು ನಮ್ಮ ಪ್ರಾಚೀನ ವೈದ್ಯರು ಈ ಹೆಸರನ್ನಿತ್ತರು. ಚರಕ, ಸುಶ್ರುತ ಸಂಹಿತೆಗಳೆರಡರಲ್ಲಿಯೂ ಇದರ ವಿವೇಚನೆಯುಂಟು. ಇಂಗ್ಲಿಷಿನ ‘ಷುಗರ್’ ಶಬ್ದಕ್ಕೂ ನಮ್ಮ ‘ಶರ್ಕರಾ’ ಶಬ್ದವೇ ಮೂಲ. ಅದು ಪಾರಸಿ, ಅರಬ್ಬೀ ಭಾಷೆಗಳ ಮಾರ್ಗವಾಗಿ ಯುರೋಪನ್ನು ಸೇರಿತು. ಸಕ್ಕರೆಗೆ ಹೆಸರನ್ನಿತ್ತ ನಾಡು ಇಂದು ಸಕ್ಕರೆಯ ವ್ಯಾಧಿಯಲ್ಲಿಯೂ ಮುಂದಾಗಿರುವುದು ವಿಷಾದದ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ 10.1 ಕೋಟಿ ಜನ ಮಧುಮೇಹಿಗಳು, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತವರು.

ವಂಶಾನುಗತ ಪ್ರವೃತ್ತಿ, ಶರೀರಶ್ರಮದ ಅಭಾವ, ಅತ್ಯಾಹಾರ ಮುಂತಾಗಿ ಇದಕ್ಕೆ ಕಾರಣಗಳು ಹಲವು. ಹೀಗಿರಲು ಸಿಹಿಪಾನೀಯವನ್ನು ಪ್ರತ್ಯೇಕಿಸಿ ಹೇಳುವುದೇಕೆ? ಸಿಹಿತಿಂಡಿಯಲ್ಲಿರುವುದೂ ಸಕ್ಕರೆಯೇ ಅಲ್ಲವೇ? ಎಂಬ ಶಂಕೆ ಸಹಜ. ಅದಕ್ಕೆ ಸಮಾಧಾನವಿಷ್ಟು: ತಿಂದುದನ್ನು ಹೊಟ್ಟೆಯು ಲೆಕ್ಕಕ್ಕೆ ಹಿಡಿಯುವಂತೆ ಕುಡಿದುದನ್ನು ಹಿಡಿಯುವುದಿಲ್ಲ.

ಕಬ್ಬನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಜಲ್ಲೆಯನ್ನು ಸಿಗಿದು, ಅಗಿದು, ರಸ ಹೀರುವಷ್ಟರಲ್ಲಿ ದವಡೆ ದಣಿದು ಸಾಕೆನಿಸುತ್ತದೆ. ಅದೇ ಕಬ್ಬಿನ ಹಾಲು ಲೋಟದಲ್ಲಿ ಬಂದರೆ ಕ್ಷಣಮಾತ್ರದಲ್ಲಿ ಗಂಟಲಿಳಿಯುತ್ತದೆ. ಕುಡಿದವನು ಅದಕ್ಕೆ ತಕ್ಕಷ್ಟು ಅನ್ನವನ್ನು ಕಡಮೆ ಮಾಡುವನೇ? ಇಲ್ಲ. ಊಟವು ಊಟವಾಗಿಯೇ ಉಳಿದು, ಪಾನೀಯದ ಸಕ್ಕರೆಯು ಅದರ ಮೇಲಣ ಹೊರೆಯಾಗುತ್ತದೆ.

ಆ ಹೊರೆಯ ಪ್ರಮಾಣವನ್ನು ಗಮನಿಸಿರಿ. ಕೋಲಾ ಮೊದಲಾದ ಪಾನೀಯಗಳ 100 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 10 ಗ್ರಾಮಿನಷ್ಟು ಸಕ್ಕರೆಯಿರುತ್ತದೆ. 300 ಮಿಲಿಲೀಟರಿನ ಬಾಟಲಿಯಲ್ಲಿ ಸುಮಾರು 30 ಗ್ರಾಂ, ಎಂದರೆ ಆರೇಳು ಚಮಚ. ದಿನಕ್ಕೆ 2000 ಕ್ಯಾಲೊರಿ ಉಣ್ಣುವ ವಯಸ್ಕನಿಗೆ ಇಂಥ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಮಿನೊಳಗಿದ್ದರೆ ಇನ್ನೂ ಲೇಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗದರ್ಶನದ ತಾತ್ಪರ್ಯ. ಬಾಲಕರ ಪಾಲು ಇನ್ನೂ ಕಿರಿದೆಂದು ಬೇರೆ ಹೇಳಬೇಕಿಲ್ಲ.

ಈ ಸಕ್ಕರೆಯು ಜಠರದಿಂದ ಮುಂದೆ ಸಾಗಿ ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಗ್ಲೂಕೋಸ್ ಬೇಗನೆ ರಕ್ತವನ್ನು ಸೇರುತ್ತದೆ. ಅದನ್ನು ಜೀವಕೋಶಗಳಿಗೆ ಮುಟ್ಟಿಸಲು ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಫ್ರಕ್ಟೋಸಿನ ಬಹುಭಾಗ ಯಕೃತ್ತನ್ನು ಸೇರಿ, ಅತಿಯಾದಾಗ ಕೊಬ್ಬಾಗಿ ಮಾರ್ಪಡುತ್ತದೆ. ಹೀಗೆ ಯಕೃತ್ತಿನಲ್ಲಿಯೂ ಉದರದಲ್ಲಿಯೂ ಕೊಬ್ಬು ಬೆಳೆದಂತೆ ಇನ್ಸುಲಿನ್ನಿನ ಆಜ್ಞೆಗೆ ಶರೀರವು ಮಣಿಯದಾಗುತ್ತದೆ. ಗ್ರಂಥಿಯು ಮತ್ತಷ್ಟು ದುಡಿದು ಕಡೆಗೆ ಸೋಲುತ್ತದೆ. ಆಗ ಸಕ್ಕರೆಯು ರಕ್ತದಲ್ಲಿಯೇ ನಿಲ್ಲುತ್ತದೆ. ಸ್ಥೂಲಕಾಯದಿಂದ ಮಧುಮೇಹಕ್ಕೆ ಸಾಗುವ ಹಾದಿಯಿದು. ಅದನ್ನು ಅಲಕ್ಷಿಸಿದರೆ ಕಣ್ಣು, ಮೂತ್ರಪಿಂಡ, ಕಾಲುಗಳಿಗೂ ಕೇಡು ತಪ್ಪದು.

ಮೆಕ್ಸಿಕೋ ದೇಶವು ಈ ಪೀಡೆಯನ್ನು ಮನಗಂಡು 2014ರ ಜನವರಿ 1ರಿಂದ ಸಿಹಿಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ವಿಧಿಸಿತು. ಆ ವರ್ಷವೇ ಅವುಗಳ ಖರೀದಿಯು ಸರಾಸರಿ ಶೇಕಡಾ 6ರಷ್ಟು ಇಳಿಯಿತು. ಅಭ್ಯಾಸವು ಬದಲಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಬೆಲ್ಲದ ಪಾನಕವಾಗಲಿ, ಸಕ್ಕರೆ ಬೆರೆಸಿದ ಹಣ್ಣಿನ ರಸವಾಗಲಿ ಮನೆಯದೆಂಬ ಮಾತ್ರಕ್ಕೆ ನಿರ್ದೋಷಿಯಲ್ಲ. ಹಬ್ಬದಂದು ಒಂದು ಲೋಟ ಪಾನಕ ಸೇವಿಸುವುದು ಬೇರೆ, ನಿತ್ಯದ ರೂಢಿ ಬೇರೆ. ವಿದ್ಯಾರ್ಥಿಗಳು ಬಾಯಾರಿದಾಗ ನೀರನ್ನೂ, ಬಿಸಿಲಲ್ಲಿ ಬಳಲಿದಾಗ ನೀರುಮಜ್ಜಿಗೆಯನ್ನೂ ಕುಡಿಯಲಿ. ಹಣ್ಣನ್ನು ಹಿಂಡದೆ ಅಗಿದು ತಿನ್ನಲಿ. ತಂದೆತಾಯಿಗಳು ಮಕ್ಕಳ ಮೇಲಣ ಅಕ್ಕರೆಯನ್ನು ಸಕ್ಕರೆಯಿಂದ ಅಳೆಯದಿರಲಿ. ಎಳೆವೆಯಲ್ಲಿ ನಾಲಗೆಗೆ ಹತ್ತಿದ ರುಚಿಯನ್ನು ಮುಪ್ಪಿನಲ್ಲಿ ಬಿಡಿಸುವುದು ವೈದ್ಯನಿಗೂ ಕಷ್ಟಸಾಧ್ಯ.