ಎದೆನೋವಿನ ವೇಷದ ಹೊಟ್ಟೆನೋವು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎದೆಗೂಡಿನ ಕೆಳಗೆ ನೋವೆಂದರೆ ‘ಗ್ಯಾಸ್ಟ್ರಿಕ್ಕು, ಸೋಡಾ ಕುಡಿ’ ಅನ್ನುವುದು ರೂಢಿ. 2025ರಲ್ಲಿ ಪಕ್ಕದ ಹಾಸನದಿಂದ ಸಾಲುಸಾಲಾಗಿ ಹೃದಯಾಘಾತದ ಸುದ್ದಿ ಬಂದ ಮೇಲೆ ‘ಯಾವುದಕ್ಕೂ ಇಸಿಜಿ ತೆಗೆಸು’ ಎನ್ನುವುದೂ ಸೇರಿಕೊಂಡಿದೆ. ಮೇದೋಜ್ಜೀರಕ ಗ್ರಂಥಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಜಠರದ ಹಿಂದೆ ಅಡಗಿರುವ ಈ ಗ್ರಂಥಿ ಉಂಡದ್ದನ್ನು ಅರಗಿಸುವ ರಸ ತಯಾರಿಸುತ್ತದೆ. ಪಿತ್ತಕೋಶದ ಕಲ್ಲು ಜಾರಿ ಗ್ರಂಥಿಯ ನಾಳಕ್ಕೆ ಅಡ್ಡ ಕೂತರೆ, ಕುಡಿತ ಅತಿಯಾದರೆ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 1000 mg/dL ದಾಟಿದರೆ ಆ ರಸ ಗ್ರಂಥಿಯನ್ನೇ ಅರಗಿಸತೊಡಗಬಹುದು. ನೋವು ಬೆನ್ನಿಗೆ ಇರಿಯುತ್ತದೆ. ರೋಗಿಗೆ ಅಂಗಾತ ಮಲಗಲಾಗದು, ದಿಂಬು ಅವುಚಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾನೆ. ವಾಂತಿಯಾದರೂ ಹಗುರಾಗುವುದಿಲ್ಲ.

ಗ್ರಂಥಿಯ ಈ ಉರಿಯೂತ (ಪ್ಯಾಂಕ್ರಿಯಾಟೈಟಿಸ್) ಜೋರಾದರೆ ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಕುಸಿಯುತ್ತದೆ, ನಾಡಿ ಓಡುತ್ತದೆ. ಕ್ಯಾಲ್ಸಿಯಂ ಇಳಿದು ಬಡಿತದ ಲಯ ತಪ್ಪಬಹುದು. ಹೃದಯದ ಹೊರಚೀಲದಲ್ಲಿ ನೀರು ತುಂಬಬಹುದು, ಹೃದಯದ ಸ್ನಾಯುವೇ ಕೆಲಕಾಲ ಸೋಲಬಹುದು. ಹೃದಯದ ರಕ್ತನಾಳಗಳಲ್ಲಿ ಅಡ್ಡಿಯೇ ಇಲ್ಲದೆ ಇಸಿಜಿ ಮಾತ್ರ ಹೃದಯಾಘಾತದಂತೆಯೇ ಕಾಣುವುದೂ ಉಂಟು.

ತೊಡಕಿರುವುದು ಇಲ್ಲೇ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದಾಗಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯವರೆಗೆ ಉಚಿತವಾಗಿ ಬಂದಿದೆ. ನಿಜವಾದ ಹೃದಯಾಘಾತಕ್ಕೆ ಅದು ಜೀವದಾನ. ಮೇದೋಜ್ಜೀರಕದಲ್ಲಿ ಉರಿಯೂತವಿದ್ದರೆ ಅದೇ ಇಂಜೆಕ್ಷನ್ ಒಳರಕ್ತಸ್ರಾವ ತರಬಹುದು. ಹೃದಯಕ್ಕೆ ಪೆಟ್ಟಾದುದನ್ನು ತೋರಿಸುವ ರಕ್ತದ ಟ್ರೊಪೊನಿನ್ ಎರಡರಲ್ಲೂ ಏರಬಹುದಾದ್ದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ. ಅನುಮಾನ ಬಂದಲ್ಲಿ ಹೃದಯದ ಎಕೋ ಸ್ಕ್ಯಾನ್ ಜೊತೆಗೆ, ಈ ಗ್ರಂಥಿಯ ಕಿಣ್ವವಾದ ಲೈಪೇಸ್ ರಕ್ತದಲ್ಲಿ ಎಷ್ಟಿದೆಯೆಂದು ನೋಡಬೇಕು. ಅದು ಮಾಮೂಲಿ ಮಿತಿಯ ಮೂರುಪಟ್ಟು ದಾಟಿದ್ದರೆ ಗುಮಾನಿ ಗ್ರಂಥಿಯ ಮೇಲೆ. ಹಾಗೆಂದು ಇಸಿಜಿ ತಡಮಾಡುವಂತಿಲ್ಲ. ಹೊಟ್ಟೆನೋವಿನ ಸೋಗಿನಲ್ಲಿ ಬರುವ ಹೃದಯಾಘಾತವೂ ಇದೆ.

ಹಿಂದೆ ಮೇದೋಜ್ಜೀರಕದ ಉರಿಯೂತದ ರೋಗಿಗಳಿಗೆ ಬಾಟಲಿ ಮೇಲೆ ಬಾಟಲಿ ಡ್ರಿಪ್ ಹಾಕುತ್ತಿದ್ದರು. 2022ರಲ್ಲಿ ಪ್ರಕಟವಾದ ‘ವಾಟರ್‌ಫಾಲ್’ ಅಧ್ಯಯನದಲ್ಲಿ ಹಾಗೆ ಸುರಿದವರಿಗೆ ಲಾಭವೇನೂ ಕಾಣಲಿಲ್ಲ, ಮೈಯಲ್ಲಿ ನೀರು ಹೆಚ್ಚಾಗಿ ತೊಂದರೆಯಾಯಿತು. ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಈಗ ಅಳೆದು ಹಾಕುತ್ತಾರೆ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಮಾತು. ವಾಂತಿ ಶುರುವಾದೊಡನೆ ತೋಟದಿಂದ ಎಳನೀರು ಬರುತ್ತದೆ. ಬೇರೆ ದಿನ ಅಮೃತವೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಧಾರಾಳ. ಈ ಕಾಯಿಲೆಯಲ್ಲಿ ಕಿಡ್ನಿ ಸೋತಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಡಾಕ್ಟರು ಹೇಳುವವರೆಗೆ ಬಾಯಿಗೆ ಏನೂ ಬೇಡ.

ಹೃದಯ, ಶ್ವಾಸಕೋಶ, ಕಿಡ್ನಿಗಳಲ್ಲಿ ಯಾವುದಾದರೂ ಒಂದು 48 ಗಂಟೆ ದಾಟಿಯೂ ಚೇತರಿಸಿಕೊಳ್ಳದಿದ್ದರೆ ಅದು ತೀವ್ರ ಸ್ವರೂಪ, ಜೀವಕ್ಕೆ ಅಪಾಯ. ಅಲ್ಲಿಯವರೆಗೆ ಕಾಯದೆ ಐಸಿಯು ಇರುವ ತುಮಕೂರಿಗೋ ಹಾಸನಕ್ಕೋ ಹೊರಡಿ. ಪಿತ್ತಕೋಶದ ಕಲ್ಲಿನ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ಜೊತೆಗಿರಲಿ. ಕುಡಿತದ ವಿಷಯ ಮುಚ್ಚಿಡಬೇಡಿ. ‘ಲೈಪೇಸ್ ಒಂದು ನೋಡ್ತೀರಾ ಡಾಕ್ಟ್ರೇ’ ಎಂದು ಕೇಳಲು ಸಂಕೋಚಪಡಬೇಡಿ.